ಕಿಸೆಯಲ್ಲಿ ಒಂದು ದಿನ ಉಳಿದ ಚೀಟಿ

ಕಳೆದ ತಿಂಗಳು ಕೊಲ್ಹಾಪುರದಲ್ಲಿ ಜನಪ್ರತಿನಿಧಿಗಳ ಹೊಸ ಆಪ್ತ ಸಹಾಯಕರಿಗೆ ಒಂದು ದಿನದ ಶಿಬಿರ ನಡೆಯಿತು. ಹಳಬನೆಂದು ನನ್ನನ್ನೂ ಕರೆದಿದ್ದರು. ಹದಿನೈದು ನಿಮಿಷ ಕೊಟ್ಟಿದ್ದರು, ಹದಿನಾಲ್ಕಕ್ಕೆ ಮುಗಿಸಿದೆ. ಉಳಿದ ಒಂದು ನಿಮಿಷದಲ್ಲಿ ಮುಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು.

“ಕಾಕಾ, ನಿಮ್ಮ ಕೈಲೆ ಆದ ಎಲ್ಲಾದಕಿಂತ ದೊಡ್ಡ ಚೂಕ ಯಾವುದ್ರಿ?”

“ಅದಕ್ಕ ಒಂದ ನಿಮಿಷ ಸಾಲೂದಿಲ್ಲವಾ” ಎಂದು ಹೇಳಿ ಕುಳಿತೆ. ಸಭೆ ನಕ್ಕಿತು. ಮನೆಗೆ ಬಂದ ಮೇಲೆ ನನ್ನ ದೊಡ್ಡ ತಪ್ಪು ಯಾವುದೆಂದು ಕೇಳಿದ ಆ ಹುಡುಗಿಗೆ ಉತ್ತರ ಕೊಡದೆ ಬಂದದ್ದು ಸರಿಯಲ್ಲ ಎನಿಸಿತು. ಕೇಳಿದ ಪ್ರಶ್ನೆಗೆ ಉತ್ತರ ಹೋಗಬೇಕು, ತಡವಾದರೂ ಹೋಗಬೇಕು.

ಉತ್ತರ ಚಿಕ್ಕದು. ನನ್ನ ಸಾಹೇಬರಿಗೆ ಬಂದ ಒಂದು ಸಾವಿನ ಸುದ್ದಿಯನ್ನು ನಾನು ಒಂದು ದಿನ ಕಿಸೆಯಲ್ಲಿ ಇಟ್ಟುಕೊಂಡೆ. ಅದರಿಂದ ಒಂದೇ ಬೆಂಚಿನಲ್ಲಿ ಕುಳಿತು ಕಲಿತ ಇಬ್ಬರು ಗೆಳೆಯರು ಹನ್ನೊಂದು ವರ್ಷ ಮಾತು ಬಿಟ್ಟರು. ಆದರೆ ಈ ಕೆಲಸ ಎಂಥದು ಎಂದು ತಿಳಿಯದವರಿಗೆ ಒಂದು ಚೀಟಿ ಅಷ್ಟು ಭಾರ ಹೇಗಾಯಿತು ಎಂಬುದು ತಿಳಿಯುವುದಿಲ್ಲ. ಆದ್ದರಿಂದ ಮೊದಲು ಕೆಲಸದ ಮಾತು.

ನನ್ನ ಹೆಸರು ಜಿನ್ನಪ್ಪ. ಊರು ಉದಗಾಂವ. ಆರಂಭದಲ್ಲಿ ಇಚಲಕರಂಜಿಯ ಒಂದು ನೂಲಿನ ಗಿರಣಿಯಲ್ಲಿ ಆವಕ-ಜಾವಕ ವಿಭಾಗದ ಗುಮಾಸ್ತನಾಗಿದ್ದೆ. ಬಂದ ಟಪಾಲು ಬರೆದುಕೊಳ್ಳುವುದು, ಹೋಗುವ ಟಪಾಲು ಬರೆದು ಕಳಿಸುವುದು. ನಮ್ಮ ಹೆಡ್ ಕ್ಲಾರ್ಕು ಸೈನ್ಯದಿಂದ ನಿವೃತ್ತರಾಗಿ ಬಂದವರು. ಪ್ರತಿ ಕಾಗದದ ಮೂಲೆಗೆ ತಾರೀಖಿನ ಶಿಕ್ಕೆ ಒತ್ತಿಸಿ, ಅದರ ಪಕ್ಕದಲ್ಲಿ ಕೈ ಮುಟ್ಟಿದ ಗಂಟೆ-ನಿಮಿಷ ಬರೆಯಿಸುತ್ತಿದ್ದರು. “ಕಾಗದ ನಿನ್ನ ಕೈಯಾಗ ಬಂತಂದ್ರ ಅದು ನಿಂದಲ್ಲ. ದಾರಿ ಮ್ಯಾಲ ಐತಿ, ಅಷ್ಟ” ಎನ್ನುತ್ತಿದ್ದರು. ಆ ಗಂಟೆ-ನಿಮಿಷ ಬರೆಯುವ ಚಟ ನನಗೆ ಇಂದಿಗೂ ಬಿಟ್ಟಿಲ್ಲ. ಮದುವೆಯ ಕರೆಯೋಲೆಯ ಮೇಲೂ ಬರೆಯುತ್ತೇನೆ.

ಆಪ್ತ ಸಹಾಯಕನ ಈ ಕೆಲಸ ನನಗೆ ಕೊಡಿಸಿದವನು ಕಲ್ಲಪ್ಪ. ಗಡಹಿಂಗ್ಲಜ ಕಡೆಯ ನೂಲ ಎಂಬ ಊರಿನವನು, ಹೊಟ್ಟೆಪಾಡಿಗೆ ಯಡ್ರಾವಕ್ಕೆ ಬಂದು ಪವರ್‌ಲೂಮ್ ಕಾರಖಾನೆಯಲ್ಲಿ ಜಾಬರ್ ಆಗಿದ್ದ. ಮಗ್ಗಗಳನ್ನು ರಿಪೇರಿ ಮಾಡುವವನೂ ಅವನೇ, ಕೆಲಸಗಾರರನ್ನು ನಿಭಾಯಿಸುವವನೂ ಅವನೇ. ಅವನ ಬಾಲ್ಯದ ಗೆಳೆಯ ಅಪ್ಪಾಸಾಹೇಬರು ಆಗ ಗಡಹಿಂಗ್ಲಜ ಪಂಚಾಯತ ಸಮಿತಿಯ ಸಭಾಪತಿ. ಮನೆಮಾತು ಕನ್ನಡ, ಕಲಿತದ್ದು ಮರಾಠಿ ಶಾಲೆ. ಕನ್ನಡ ಓದಲು ಬರುತ್ತಿರಲಿಲ್ಲ. ಗಡಿಯಾಚೆಯ ಕರ್ನಾಟಕದಿಂದ ಕನ್ನಡ ಪತ್ರಗಳು ಬರುತ್ತಿದ್ದವು. ನಾನು ಅಜ್ಜಿಯ ಊರಲ್ಲಿ ಕನ್ನಡ ಶಾಲೆ ಕಲಿತವನು. ಕಲ್ಲಪ್ಪ ನನ್ನನ್ನು ಗಿರಣಿಯ ಗೇಟಿನಿಂದ ಕರೆದುಕೊಂಡು ಹೋಗಿ ಅವರ ಮುಂದೆ ನಿಲ್ಲಿಸಿದ.

“ಅಪ್ಪಾ, ಈ ಹುಡುಗ ಗಡಿಯಾರ ನುಂಗ್ಯಾನ. ಎರಡೂ ಲಿಪಿ ಬರ್ತಾವು. ತೊಗೊಂಡ ಹೋಗು.”

“ಸುಳ್ಳ ಹೇಳ್ತಾನೇನು?” ಎಂದು ಸಾಹೇಬರು ಕೇಳಿದರು.

“ಬರೂದಿಲ್ಲ ಅಂವಗ. ಅದೊಂದ ಕೊರತೆ ಐತಿ ನೋಡು” ಎಂದ ಕಲ್ಲಪ್ಪ.

ಹಾಗೆ ಸೇರಿದೆ. ಮುಂದೆ ಸಾಹೇಬರು ಜಿಲ್ಲಾ ಪರಿಷತ್ತಿಗೆ ಹೋದರು, ಆಮದಾರರು ಅಂದರೆ ಶಾಸಕರಾದರು, ಕಡೆಗೆ ರಾಜ್ಯಮಂತ್ರಿಯೂ ಆದರು. ನಾನು ಅವರ ಹಿಂದೆ ಇದ್ದೆ. ಬಡ್ತಿಯ ಕಥೆ ಇಷ್ಟೇ.

ಹೊಸಬರು ಮೊದಲು ಕಲಿಯಬೇಕಾದದ್ದು ಎಲ್ಲಿ ನಿಲ್ಲಬೇಕು ಎಂಬುದನ್ನು. ಸಾಹೇಬರ ಎಡಗಡೆ, ಒಂದು ಹೆಜ್ಜೆ ಹಿಂದೆ. ಎದುರಿನಿಂದ ಯಾರು ಬಂದರೂ ತುಟಿ ಅಲುಗದಂತೆ ಅವರ ಕಿವಿಗೆ ಮೂರು ಸಂಗತಿ ಹೇಳಬೇಕು: ಹೆಸರು, ಊರು, ಮನೆಯಲ್ಲಿ ನಡೆದ ಕೊನೆಯ ಸುಖ ಅಥವಾ ದುಃಖ. ‘ದುಂಡಪ್ಪ, ಹಲಕರ್ಣಿ, ಮಗಳ ಬಾಣಂತನ.’ ಒಮ್ಮೆ ಜಾತ್ರೆಯಂಥ ಗದ್ದಲದಲ್ಲಿ ದುಂಡಪ್ಪನ ಬಾಣಂತನವನ್ನು ಹಿಂದೆ ನಿಂತವನಿಗೆ ಹಚ್ಚಿದೆ. ಸಾಹೇಬರು ಅವನ ಹೆಗಲ ಮೇಲೆ ಕೈಯಿಟ್ಟು, “ಏನಪಾ, ಮಗಳು ಕೂಸು ಇಬ್ಬರೂ ಆರಾಮ ಅದಾರ?” ಎಂದು ಕೇಳಿದರು. ಅವನಿಗೆ ಐವತ್ತರ ವಯಸ್ಸು. ಕೈ ಮುಗಿದು, “ನನಗಿನ್ನೂ ಕನ್ಯಾ ನೋಡಾಕತ್ತಾರ್ರಿ ಸಾಹೇಬ್ರ” ಎಂದ. ಸಾಹೇಬರು ತಿರುಗಿ ನನ್ನನ್ನು ನೋಡಲಿಲ್ಲ. “ಹಂಗಾರ ಲಗೂನ ಮುಗಸು, ಬಾಣಂತನಕ್ಕ ನಾ ಬರ್ತೇನಿ” ಎಂದು ನಗಿಸಿ ಮುಂದೆ ನಡೆದರು. ಜನರ ಮುಂದೆ ಅವರು ನನ್ನ ತಪ್ಪನ್ನು ಒಮ್ಮೆಯೂ ನನ್ನ ತಪ್ಪೆಂದು ತೋರಿಸಿದವರಲ್ಲ. ಅದು ದೊಡ್ಡ ಗುಣವೆಂದು ಬಹಳ ವರ್ಷ ತಿಳಿದಿದ್ದೆ. ಅದರ ಅನುಕೂಲ ಯಾರಿಗೆ ಆಗುತ್ತಿತ್ತು ಎಂದು ಯೋಚಿಸಿರಲಿಲ್ಲ.

ನಾನು ಜೈನ. ಹೊತ್ತು ಮುಳುಗುವ ಮೊದಲು ಉಣ್ಣಬೇಕು, ಆಮೇಲೆ ಏನೂ ಇಲ್ಲ. ಪ್ರಚಾರದ ದಿನಗಳಲ್ಲಿ ಇದು ಕಷ್ಟ. ಮೊದಲ ಚುನಾವಣೆಯಲ್ಲಿ ಎರಡು ದಿನ ಉಪವಾಸ ಬಿದ್ದಿದ್ದೆ, ಯಾರಿಗೂ ಹೇಳಿರಲಿಲ್ಲ. ಮೂರನೆಯ ದಿನ ಸಾಹೇಬರು ನೂರಾರು ಜನ ಕಾಯುತ್ತಿದ್ದ ಸಭೆಗೆ ಹೋಗುವ ದಾರಿಯಲ್ಲಿ ಡ್ರೈವರನಿಗೆ, “ಗಾಡಿ ತರುಬು. ಜಿನ್ನಪ್ಪನ ಸೂರ್ಯ ಹೊಂಟಾನ” ಎಂದರು. ರಸ್ತೆಬದಿಯ ಹುಣಸೆಮರದ ಕೆಳಗೆ ನಾನು ಡಬ್ಬಿ ಬಿಚ್ಚಿ ಉಂಡೆ. ಅವರು ಗಾಡಿಗೆ ಒರಗಿ ನಿಂತು ಪಶ್ಚಿಮದ ಕಡೆ ನೋಡುತ್ತಿದ್ದರು. “ಇನ್ನೊಂದ ರೊಟ್ಟಿಗೆ ಹೊತ್ತ ಐತಿ, ಉಣ್ಣು” ಎಂದರು. ಅಂದಿನಿಂದ ಎಲ್ಲ ಚುನಾವಣೆಗಳಲ್ಲೂ ಗಾಡಿ ಆ ಹೊತ್ತಿಗೆ ನಿಂತಿತು.

ಅವರ ಕೆಲಸದ ರೀತಿ ನನ್ನದಕ್ಕೆ ಪೂರಾ ವಿರುದ್ಧ. ಗುಡ್ಡದ ಕಡೆಯ ಒಂದು ವಾಡಿಯ ಮುದುಕ ತಮ್ಮ ಏರಿನ ಮೇಲೆ ಎಸ್.ಟಿ. ಬಸ್ಸು ನಿಲ್ಲುವುದಿಲ್ಲ ಎಂದು ಅರ್ಜಿ ಕೊಟ್ಟಿದ್ದ. ನಾನು ಒಂದು ವರ್ಷ ಪತ್ರ ಬರೆದೆ. ಪ್ರತಿ ಪತ್ರಕ್ಕೆ ಹಿಂದಿನ ಪತ್ರದ ಉಲ್ಲೇಖ, ಪ್ರತಿ ಉತ್ತರಕ್ಕೆ ನೆನಪೋಲೆ. ಫೈಲು ದಪ್ಪವಾಯಿತು, ಬಸ್ಸು ನಿಲ್ಲಲಿಲ್ಲ. ಒಂದು ಮುಂಜಾನೆ ಸಾಹೇಬರು ಆ ಮುದುಕನ ಜೊತೆ ಏರಿನ ಮೇಲೆ ಹೋಗಿ ನಿಂತುಕೊಂಡರು. ಬಸ್ಸು ನಿಂತಿತು; ಆಮದಾರರನ್ನು ಬಿಟ್ಟು ಹೋಗುವ ಧೈರ್ಯ ಯಾವ ಡ್ರೈವರನಿಗಿದೆ? ಗಡಹಿಂಗ್ಲಜದವರೆಗೆ ತಿಕೀಟು ತೆಗೆಸಿ ಬಂದರು. ಒಂದು ವಾರ ಬಿಟ್ಟು ಮತ್ತೆ ಹೋಗಿ ನಿಂತರು. ಆಮೇಲೆ ಅವರು ಹೋಗದಿದ್ದರೂ, ಇದ್ದರೂ ಇರಬಹುದು ಎಂದು ಬಸ್ಸು ನಿಲ್ಲತೊಡಗಿತು. ಇಂದಿಗೂ ನಿಲ್ಲುತ್ತದೆ. ಆದೇಶ ಎಂಬುದು ಎಲ್ಲಿಯೂ ಇಲ್ಲ. ನನ್ನ ಫೈಲಿನಲ್ಲಿ ಆ ಪ್ರಕರಣ ಇನ್ನೂ ಬಾಕಿ.

ರೂಢಿಯೇ ದಾರಿ ತಪ್ಪಿಸಿದ ಪ್ರಸಂಗವನ್ನೂ ಹೇಳಿಬಿಡುತ್ತೇನೆ. ನಮ್ಮ ಭಾಗದಲ್ಲಿ ಜನಪ್ರತಿನಿಧಿಯ ಅರ್ಧ ಆಯುಷ್ಯ ಮದುವೆಗಳಿಗೆ, ಇನ್ನರ್ಧ ಸಾವಿನ ಮನೆಗಳಿಗೆ ಹೋಗುತ್ತದೆ. ಮರಾಠಾ ಮನೆಗಳಲ್ಲಿ ಮೂರನೆಯ ದಿನ ಮುಂಜಾನೆ ಸ್ಮಶಾನದಲ್ಲಿ ರಕ್ಷಾವಿಸರ್ಜನ. ಬೂದಿ ಕೂಡಿಸುವ ಆ ಹೊತ್ತಿಗೆ ಊರೂ ಸೇರುತ್ತದೆ, ಎಲ್ಲ ಪಕ್ಷದ ಪುಢಾರಿಗಳೂ ಸೇರುತ್ತಾರೆ. ಅದಕ್ಕಾಗಿ ನಾನೊಂದು ನಮೂನೆ ಅಚ್ಚು ಹಾಕಿಸಿದ್ದೆ: ಹೆಸರು, ಊರು, ಮೂರನೆಯ ದಿನ, ಮುಂಜಾನೆ ಎಂಟು, ಸ್ಮಶಾನಭೂಮಿ. ತುಂಬುವುದು ಹೆಸರು ಮತ್ತು ಊರು ಮಾತ್ರ. ಒಮ್ಮೆ ಅದರಲ್ಲಿ ಒಬ್ಬ ಲಿಂಗಾಯತ ಹಿರಿಯರ ಹೆಸರು ತುಂಬಿದೆ. ಲಿಂಗಾಯತರು ಸುಡುವುದಿಲ್ಲ, ಮಣ್ಣು ಮಾಡುತ್ತಾರೆ. ಇದು ಕೂಸಿಗೂ ಗೊತ್ತು. ನನಗೆ ಗೊತ್ತು, ಸ್ವತಃ ಲಿಂಗಾಯತರಾದ ಸಾಹೇಬರಿಗೆ ಗೊತ್ತಿಲ್ಲವೆ? ಆದರೆ ಕಾಗದದಲ್ಲಿ ಬರೆದಿತ್ತು. ಇಬ್ಬರೂ ಮುಂಜಾನೆ ಎಂಟಕ್ಕೆ ಹೂವಿನ ಹಾರ ಹಿಡಿದು ಬರಿದಾದ ಸ್ಮಶಾನದಲ್ಲಿ ಅರ್ಧ ತಾಸು ನಿಂತೆವು. ಜನ ಬರುವುದು ತಡವಾಯಿತು ಎಂದು ಸಾಹೇಬರು, ನನ್ನ ಗಡಿಯಾರ ಮುಂದಿದೆಯೇನೋ ಎಂದು ನಾನು. ಕಡೆಗೆ ಅವರ ಮುಖದಲ್ಲಿ ಬೆಳಕು ಬಿತ್ತು.

“ಜಿನ್ನಪ್ಪಾ, ನಾಳೆ ನಾ ಸತ್ತರ ನನ್ನ ಎಲ್ಲಿಗೆ ಒಯ್ತೀರಿ?”

ಹಾರ ಎತ್ತಿಕೊಂಡು ಗಾಡಿಯ ಕಡೆ ನಡೆದೆ. ಆ ಮನೆಗೆ ಹೋದಾಗ ವಿಧವೆ ಅಜ್ಜಿಗೆ ಸುದ್ದಿ ಮುಟ್ಟಿತ್ತು. “ನಮ್ಮವರು ಹೊಲದಾಗ ಮಣ್ಣಾಗ ಅದಾರ್ರಿ. ನೀವು ಬೂದ್ಯಾಗ ಹುಡಕಾಕ ಹೋಗಿದ್ರೇನು?” ಎಂದಳು. ಅಳುವ ಮನೆಯಲ್ಲಿ ಎಲ್ಲರೂ ನಕ್ಕರು. ಅಜ್ಜಿಯೂ ನಕ್ಕಳು. ಅಂದೇ ಆ ನಮೂನೆಗಳ ಕಟ್ಟನ್ನು ನೀರು ಕಾಯಿಸುವ ಒಲೆಗೆ ಹಾಕಿದೆ.

ಈಗ ಕಲ್ಲಪ್ಪನ ವಿಷಯ. ಗಡಹಿಂಗ್ಲಜ ತಾಲೂಕಿನ ಸಾವಿರಾರು ಗಂಡಸರು ಇಚಲಕರಂಜಿ, ಯಡ್ರಾವದ ಮಗ್ಗಗಳಲ್ಲಿ ದುಡಿಯುತ್ತಿದ್ದರು. ಹೆಸರು ಊರಿನ ಮತದಾರರ ಯಾದಿಯಲ್ಲಿ, ದೇಹ ಇಲ್ಲಿ. ಮತದಾನದ ದಿನ ಅವರನ್ನೆಲ್ಲ ಊರಿಗೆ ಕರೆತರುವವನು ಕಲ್ಲಪ್ಪ. ಮುಂಜಾನೆ ಟ್ರಕ್ಕುಗಳು ಹೊರಡುತ್ತಿದ್ದವು. ಅವನ ಹೆಂಡತಿ ಗೌರವ್ವ ಓಣಿಯ ಹೆಂಗಸರನ್ನು ಕೂಡಿಸಿ ರೊಟ್ಟಿ ಬಡಿದು, ಗುರೆಳ್ಳು ಚಟ್ನಿ ಹಚ್ಚಿ, ಒಂದೊಂದು ಟ್ರಕ್ಕಿಗೆ ಒಂದೊಂದು ಗಂಟು ಕಟ್ಟಿ ಕೊಡುತ್ತಿದ್ದಳು. ನಾಮಪತ್ರ ಸಲ್ಲಿಸುವ ಮೊದಲು ಸಾಹೇಬರು ಯಡ್ರಾವಕ್ಕೆ ಹೋಗಿ ಅವಳ ಕೈಯ ಗೋದಿ-ಬೆಲ್ಲದ ಮಾದ್ಲಿ ತಿಂದು ಬರುವುದು ಪದ್ಧತಿ. ಅವಳು ಅವರಿಗೆ ಹೆದರುತ್ತಿರಲಿಲ್ಲ. “ಆಮದಾರ ಆಗೂದು ಹೊರಗ. ಇಲ್ಲೆ ತಾಟ ತೊಳದ ಇಡು” ಎನ್ನುತ್ತಿದ್ದಳು. ಅವರು ತೊಳೆದಿಡುತ್ತಿದ್ದರು.

ಸಾಹೇಬರ ಹೆಸರು ಮಂತ್ರಿಗಳ ಯಾದಿಗೆ ಬಂದಾಗ ನಾವು ಮುಂಬೈಯ ಆಮದಾರ ನಿವಾಸದಲ್ಲಿದ್ದೆವು. ಎರಡು ದಿನದಲ್ಲಿ ಆ ಯಾದಿ ಮೂರು ಸಲ ಬದಲಾಗಿತ್ತು. ಪಕ್ಕದ ಕೋಣೆಯಲ್ಲೇ ಇನ್ನೊಬ್ಬರು ಇಸ್ತ್ರಿ ಮಾಡಿದ ಜಾಕೀಟು ಹಾಕಿಕೊಂಡು ಕಾಯುತ್ತಿದ್ದರು. ಪ್ರಮಾಣವಚನ ಸಂಜೆ ನಾಲ್ಕಕ್ಕೆ. ಮುಂಜಾನೆ ಸಾಹೇಬರು ಸ್ನಾನಕ್ಕೆ ಹೋಗಿದ್ದರು, ಅವರ ಮೊಬೈಲು ನನ್ನ ಕೈಯಲ್ಲಿತ್ತು. ಯಡ್ರಾವದಿಂದ ಕರೆ ಬಂತು, ಕಲ್ಲಪ್ಪನ ನೆರೆಮನೆಯವರು.

“ಗೌರವ್ವಕ್ಕ ತೀರಿಕೊಂಡ್ಲ್ರಿ. ಅಪ್ಪಾ ಬರೂತನಕಾ ಮಣ್ಣ ಮಾಡೂದಿಲ್ಲ ಅಂತ ಕಲ್ಲಪ್ಪಣ್ಣ ಹೇಳ್ಯಾರ. ಹೇಳ್ತೀರಿಲ್ಲರಿ?”

“ಹೇಳ್ತೇನ್ರಿ” ಎಂದೆ.

ರೂಢಿಯಂತೆ ಚೀಟಿ ಬರೆದೆ: ಯಡ್ರಾವ, ಗೌರವ್ವ ತೀರಿಕೊಂಡರು, ಕಲ್ಲಪ್ಪ ಕಾಯುತ್ತಿದ್ದಾರೆ. ಮೂಲೆಗೆ ಗಂಟೆ ಹಾಕಿದೆ, ಏಳು ಮೂವತ್ತೈದು. ಬಚ್ಚಲಿನಲ್ಲಿ ನೀರು ಸುರಿಯುವ ಸಪ್ಪಳ ನಿಂತಿತು. ಚೀಟಿಯನ್ನು ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡೆ.

ಕಿರಿಯರು ಇದನ್ನು ಸರಿಯಾಗಿ ತಿಳಿಯಬೇಕು. ಸುದ್ದಿ ಹೇಳಿದರೆ ಸಾಹೇಬರು ಹೋಗಲಿಕ್ಕಿಲ್ಲ ಎಂಬ ಅನುಮಾನ ನನಗಿರಲಿಲ್ಲ. ಖಂಡಿತ ಹೋಗುತ್ತಾರೆ ಎಂದು ಗೊತ್ತಿದ್ದಕ್ಕೇ ಹೇಳಲಿಲ್ಲ. ಪ್ರಮಾಣವಚನ ಬಿಟ್ಟು ಆ ಕ್ಷಣವೇ ಗಾಡಿ ಹತ್ತುತ್ತಿದ್ದರು, ಜಾಕೀಟಿನವರು ಮಂತ್ರಿಯಾಗುತ್ತಿದ್ದರು. ಇಪ್ಪತ್ತು ವರ್ಷ ಅವರ ಹಿಂದೆ ನಿಂತವನಿಗೆ ಆ ಒಂದು ಮುಂಜಾನೆ ಮುಂದೆ ಬಂದು ನಿಲ್ಲುವ ಬುದ್ಧಿ ಬಂತು. ಅವರ ಪರವಾಗಿ ನಾನು ಆರಿಸಿದೆ.

ಸಮಾರಂಭ ಮುಗಿದೊಡನೆ ಹೇಳುವುದೆಂದು ನಿಶ್ಚಯಿಸಿದ್ದೆ. ಆಮೇಲೆ ಚಹಾಪಾನ, ಹಾರಗಳು, ಪಕ್ಷದ ಕಚೇರಿ, ಊರಿಂದ ಬಂದವರು. ಮೂರು ಸಲ ಹತ್ತಿರ ಹೋದೆ. ಮೂರು ಸಲವೂ ಅವರು ನಗುತ್ತಿದ್ದರು. ಮರುದಿನ ಮುಂಜಾನೆ ಚಹದ ಜೊತೆ ಚೀಟಿಯನ್ನು ಕೊಟ್ಟೆ.

ಓದಿದರು. ಮೂಲೆಯ ಗಂಟೆಯನ್ನು ನೋಡಿದರು.

“ಇದು ಯಾವಾಗಿನ ಏಳೂವರೆ?”

“ನಿನ್ನಿದ್ರಿ.”

ಚಹ ಹಾಗೆಯೇ ಉಳಿಯಿತು. “ಗಾಡಿ ತೆಗಸು” ಎಂದರು.

ಮಂತ್ರಿಯಾದವರು ಸುಮ್ಮನೆ ಪ್ರಯಾಣ ಮಾಡುವಂತಿಲ್ಲ ಎಂಬುದು ನಮಗೆ ಅಂದು ತಿಳಿಯಿತು. ಕೆಂಪು ದೀಪದ ಗಾಡಿ, ಹಿಂದೆ ಪೊಲೀಸ್ ಜೀಪು, ನಡುವೆ ಸತ್ಕಾರಕ್ಕೆ ನಿಂತ ಜನ. ಯಡ್ರಾವದ ಆ ಓಣಿಗೆ ಜೀಪು ಹೊಕ್ಕಾಗ ಮಗ್ಗಗಳ ಸಪ್ಪಳ ಒಂದೊಂದಾಗಿ ನಿಂತಿತು. ಕಲ್ಲಪ್ಪ ಬಾಗಿಲಿನ ಕಟ್ಟೆಯ ಮೇಲೆ ಕುಳಿತಿದ್ದ, ಏಳಲಿಲ್ಲ. ದುಃಖದ ಮನೆಗೆ ಬಂದವರಿಗೆ ಕಂಬಳಿ ಹಾಸಬೇಕು, ಹಾಸಲಿಲ್ಲ.

“ಮಂತ್ರಿ ಬಂದಾರ” ಎಂದ ಯಾರಿಗೋ ಹೇಳುವಂತೆ. ಆಮೇಲೆ ಸಾಹೇಬರನ್ನು ನೋಡಿ, “ನಿನ್ನಿ ಮುಂಜಾನೆ ಫೋನ ಹಚ್ಚಿಸಿದ್ನಿ. ಹೇಳ್ತೇನ್ರಿ ಅಂದ್ರಂತ. ನಾಕು ಹೊಡ್ಯೂತನಕಾ ಮಣ್ಣ ತಡದಿದ್ನಿ. ಸುದ್ದಿ ಮುಟ್ಟಿತ್ತೋ ಇಲ್ಲೋ, ಅಷ್ಟ ಹೇಳು” ಎಂದ.

ಸಾಹೇಬರು ತಿರುಗಿ ನೋಡಲಿಲ್ಲ. ನಾನು ಎಡಗಡೆ ಒಂದು ಹೆಜ್ಜೆ ಹಿಂದೆ ಇದ್ದೆ.

“ಮುಟ್ಟಿತ್ತು. ತಪ್ಪು ನಂದು” ಎಂದರು.

“ಹಂಗಾರ ಮುಗೀತು” ಎಂದು ಕಲ್ಲಪ್ಪ ಎದ್ದು ಒಳಗೆ ಹೋದ.

ಆ ಕ್ಷಣ ಒಂದು ಹೆಜ್ಜೆ ಮುಂದಿಟ್ಟು ನಾಲ್ಕು ಶಬ್ದ ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಚೀಟಿಯನ್ನು ಇಟ್ಟುಕೊಂಡದ್ದಕ್ಕಿಂತ ದೊಡ್ಡ ತಪ್ಪು ಅದು.

ಕೊಲ್ಹಾಪುರದ ದಾರಿಯಲ್ಲಿ ನಾನೇ ಬಾಯಿ ತೆರೆದೆ. “ನಾಳೆ ಹೋಗಿ ಕಲ್ಲಪ್ಪಣ್ಣಗ ನಾನ ಹೇಳಿ ಬರ್ತೇನ್ರಿ.”

“ಬ್ಯಾಡ. ನಿನ್ನ ಕಿಸೆ ಅಂದ್ರ ನನ್ನ ಕಿಸೆ. ಅದರಾಗ ಇದ್ದದ್ದು ನನ್ನ ಕಡೇನ ಇತ್ತು. ನೀ ಹೋಗಿ ಹೇಳಿದ್ರ ಅಂವಾ ನಿನ್ನ ಬೈತಾನ, ನನ್ನ ಬಿಟ್ಟ ಬಿಡ್ತಾನ. ಹಂಗ ಬ್ಯಾಡ” ಎಂದರು.

ಆಜ್ಞೆ ಪಾಲಿಸಿದೆ ಎಂದು ನನ್ನ ಮನಸ್ಸಿಗೆ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಆ ಆಜ್ಞೆಯಿಂದ ನನಗೆ ಜೀವ ಬಂದಂತಾಗಿತ್ತು.

ಮುಂದಿನ ಚುನಾವಣೆಯ ದಿನ ಮಧ್ಯಾಹ್ನದವರೆಗೆ ಸಾಹೇಬರು ಸಂಕೇಶ್ವರದ ಕಡೆಯ ರಸ್ತೆ ನೋಡುತ್ತ ನಿಂತರು. ಟ್ರಕ್ಕುಗಳು ಬರಲಿಲ್ಲ. ಕಲ್ಲಪ್ಪ ಯಾರಿಗೂ ಬೇಡ ಎಂದಿರಲಿಲ್ಲ; ಕರೆಯಲಿಲ್ಲ, ಅಷ್ಟೇ. ಕೆಲಸಗಾರರು ಮಗ್ಗದ ಮುಂದೆಯೇ ಉಳಿದರು. ಸಾಹೇಬರು ಸ್ವಲ್ಪದರಲ್ಲಿ ಸೋತರು. ಇನ್ನೊಮ್ಮೆ ನಿಂತರು, ಹೆಚ್ಚು ಅಂತರದಿಂದ ಸೋತರು. ಕಲ್ಲಪ್ಪನ ಬಗ್ಗೆ ಕಾರ್ಯಕರ್ತರು ಏನಾದರೂ ಅಂದರೆ, “ಅಂವಾ ಹೊತ್ತು ಹೊತ್ತು ನನ್ನ ಇಲ್ಲೀತನಕಾ ತಂದಾನ. ಹೆಗಲ ನೋವಾತು, ಇಳಿಸ್ಯಾನ” ಎನ್ನುತ್ತಿದ್ದರು.

ಎರಡನೆಯ ಸೋಲಿನ ಮರುದಿನವೂ ನಾನು ಒಂಬತ್ತಕ್ಕೆ ಹೋದೆ. ಅಂಗಳದಲ್ಲಿ ಒಂದೇ ಜೋಡು ಚಪ್ಪಲಿ ಇತ್ತು, ಅವರದೇ. “ನಿನಗ ಯಾರೂ ಹೇಳಿಲ್ಲೇನು, ನಾ ಸೋತೇನಿ” ಎಂದರು. “ಕೆಲಸದ ವ್ಯಾಳ್ಯಾ ಬದಲ ಆಗಿದ್ದು ಯಾರೂ ಹೇಳಿಲ್ರಿ” ಎಂದೆ. ಅಂದು ಇಬ್ಬರೂ ಬಸ್ಸು ಹತ್ತಿ ಒಂದು ಸಾವಿನ ಮನೆಗೆ ಹೋಗಿಬಂದೆವು. ಹೀಗೆ ಕೆಲವು ವರ್ಷ ನಡೆಯಿತು.

ಈ ನಡುವೆ ಕೆಲಸದ ರೀತಿಯೇ ಬದಲಾಗಿತ್ತು. ಈಗಿನ ಆಪ್ತ ಸಹಾಯಕ ವಾಟ್ಸಾಪಿನಲ್ಲಿ ಶ್ರದ್ಧಾಂಜಲಿ ಕಳಿಸುತ್ತಾನೆ, ಮೊದಲು ಫೋಟೋ ಹೊಡೆದು ಆಮೇಲೆ ಸಾಂತ್ವನ ಹೇಳುತ್ತಾನೆ. ನಾನು ಅದನ್ನು ಹಳಿಯುವುದಿಲ್ಲ. ಸುದ್ದಿ ಬೇಗ ಮುಟ್ಟುತ್ತದೆ, ಯಾರ ಕಿಸೆಯಲ್ಲೂ ಉಳಿಯುವುದಿಲ್ಲ. ಅದೊಂದು ಒಳ್ಳೆಯದೇ ಆಗಿದೆ.

ಆರು ವರ್ಷದ ಹಿಂದೆ ಸಾಹೇಬರಿಗೆ ಲಕ್ವಾ ಹೊಡೆಯಿತು. ಕೊಲ್ಹಾಪುರದ ಒಂದು ಆಸ್ಪತ್ರೆಯಲ್ಲಿದ್ದರು. ಬಲಗೈ ಏಳುತ್ತಿರಲಿಲ್ಲ, ಮಾತು ತೊದಲುತ್ತಿತ್ತು, ಆದರೆ ಬುದ್ಧಿ ಪೂರಾ ಇತ್ತು. ಇನ್ನು ಬಹಳ ದಿನ ಇಲ್ಲ ಎಂದು ಡಾಕ್ಟರರು ವೈನಿಯವರಿಗೆ, ಅಂದರೆ ಸಾಹೇಬರ ಪತ್ನಿಗೆ, ಹೇಳಿದ್ದರು. ನಾಲ್ಕನೆಯ ದಿನ ವೈನಿ ನನ್ನನ್ನು ಹೊರಗೆ ಕರೆದರು.

“ಜಿನ್ನಪ್ಪಣ್ಣಾ, ದಿನಾ ಮುಂಜಾನೆ ಒಂದ ಕೇಳ್ತಾರ, ಯಡ್ರಾವದಿಂದ ಯಾರಾರ ಬಂದಿದ್ರೇನು ಅಂತ. ನಾ ಏನ್ ಹೇಳ್ಲಿ?”

“ನಾಳೆ ಬರ್ತಾರಂತ ಹೇಳ್ರಿ” ಎಂದೆ. ಹೇಳಿದ ಮೇಲೆ ನನಗೇ ಭಯವಾಯಿತು. ಬರದಿದ್ದರೆ, ಚೀಟಿ ಮುಚ್ಚಿಟ್ಟ ಮೇಲೆ ನಾನು ಅವರಿಗೆ ಹೇಳಿದ ಎರಡನೆಯ ಸುಳ್ಳು ಅದಾಗುತ್ತಿತ್ತು.

ಮರುದಿನ ಮೊದಲ ಬಸ್ಸಿಗೆ ಯಡ್ರಾವಕ್ಕೆ ಹೋದೆ. ಕಲ್ಲಪ್ಪನ ಮಗ ಸ್ವಂತ ಹನ್ನೆರಡು ಮಗ್ಗ ಹಾಕಿದ್ದ. ಶೆಡ್ಡಿನ ಮೂಲೆಯಲ್ಲಿ ಮುದುಕ ಬಾಬಿನಿನ ಡಬ್ಬಿಯ ಪಕ್ಕ ಕುಳಿತು ಕಡಿದ ಎಳೆಗಳನ್ನು ಗಂಟು ಹಾಕುತ್ತಿದ್ದ. ನಾನು ಹತ್ತಿರ ಹೋಗಿ ಹೇಳತೊಡಗಿದೆ. ಆಯುಷ್ಯವಿಡೀ ಕಿವಿಯಲ್ಲಿ ಪಿಸುಗುಟ್ಟಿದ ಗಂಟಲು ನನ್ನದು. ಹನ್ನೆರಡು ಮಗ್ಗಗಳ ಸಪ್ಪಳದಲ್ಲಿ ನನಗೇ ಕೇಳಲಿಲ್ಲ. ಒದರಿ ಹೇಳಿದೆ. ಅವನು ಕಿವಿಗೆ ಕೈಯಿಟ್ಟ, ಆಮೇಲೆ ಮಗನ ಕಡೆ ಕೈಯೆತ್ತಿದ. ಮಗ್ಗಗಳು ಒಂದರ ಹಿಂದೆ ಒಂದು ನಿಂತವು. ಕೆಲಸಗಾರರೆಲ್ಲ ತಿರುಗಿ ನೋಡಿದರು.

“ಈಗ ಹೇಳು” ಎಂದ.

ಅಷ್ಟು ಜನರ ಮುಂದೆ ಹೇಳಿದೆ. “ಅವತ್ತ ಫೋನ ತೊಗೊಂಡಾಂವ ನಾ. ಚೀಟಿ ಬರದ ಕಿಸೇದಾಗ ಇಟಗೊಂಡ್ನಿ. ಸಾಹೇಬ್ರಿಗೆ ಕೊಟ್ಟದ್ದು ಮರುದಿನ ಮುಂಜಾನೆ. ಅವರಿಗೆ ಗೊತ್ತ ಇರಲಿಲ್ರಿ. ತಪ್ಪು ಅವರದಲ್ಲ, ನಂದು.”

ಕಲ್ಲಪ್ಪ ಕೈಯಲ್ಲಿದ್ದ ಎಳೆಗೆ ಗಂಟು ಹಾಕಿ ಮುಗಿಸಿದ.

“ಒಂದ ದಿನದ ಮಾತ ಬಿಡು. ಹನ್ನೊಂದ ವರ್ಷ ಏನ್ ಮಾಡಾಕತ್ತಿದ್ದಿ?”

“ಹೇಳಬ್ಯಾಡ ಅಂದಿದ್ರು.”

“ಅಂವಾ ಹೇಳಬ್ಯಾಡ ಅಂದದ್ದ ಕೇಳಿದಿ. ಫೋನಿನ್ಯಾಗ ಹೇಳ್ತೇನ್ರಿ ಅಂತ ನೀನ ಅಂದಿದ್ದಿ. ಅದನ್ನ ಯಾರ ಕೇಳಬೇಕಿತ್ತು?”

ಅವನ ಪಕ್ಕ ನೆಲದ ಮೇಲೆ ಕುಳಿತೆ.

“ಈಗ್ಯಾಕ ಬಂದಿ?” ಎಂದು ಕೇಳಿದ. ಸಾಹೇಬರ ಸ್ಥಿತಿ ಹೇಳಿದೆ. ದಿನಾ ಮುಂಜಾನೆ ಕೇಳುವ ಪ್ರಶ್ನೆಯನ್ನೂ ಹೇಳಿದೆ. ಕಲ್ಲಪ್ಪ ಎದ್ದು ಒಳಗೆ ಹೋದ. ಹನ್ನೊಂದು ವರ್ಷದ ಹಿಂದೆಯೂ ಹೀಗೆಯೇ ಎದ್ದು ಹೋಗಿದ್ದ. ಮಗ ನನ್ನ ಮುಖ ನೋಡಲಿಲ್ಲ, ಮಗ್ಗಗಳನ್ನು ಚಾಲೂ ಮಾಡಲೂ ಇಲ್ಲ. ಸುಮಾರು ಕಾಲು ತಾಸು ಕಳೆದ ಮೇಲೆ ಮುದುಕ ಒಗೆದ ಧೋತರ ಉಟ್ಟು, ಬಿಳಿ ಟೋಪಿ ಹಾಕಿಕೊಂಡು ಹೊರಗೆ ಬಂದ.

“ಗಾಡಿ ಎಲ್ಲೈತಿ?”

“ಬಸ್ಸಿಗೆ ಬಂದೇನ್ರಿ.”

“ಮಂತ್ರಿ ಪಿಎ, ಬಸ್ಸಿಗೆ” ಎಂದ. “ಚಲೋ ಆತು. ನಡಿ.”

ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇತ್ತು. ಅವನು ಎರಡು ಸಾಲು ಮುಂದೆ ಹೋಗಿ ಕುಳಿತ. ಕೊಲ್ಹಾಪುರದವರೆಗೆ ಒಂದು ಸಲವೂ ಹಿಂದೆ ತಿರುಗಲಿಲ್ಲ. ಇಳಿಯುವಾಗ ಮಾತ್ರ ಮೆಟ್ಟಿಲ ಮೇಲೆ ನಿಂತು, ಬೀಳದಂತೆ ನನ್ನ ತೋಳು ಹಿಡಿದ. ಅವನಿಗೆ ಮಂಡಿ ನೋವು; ಅದರಲ್ಲಿ ಕ್ಷಮೆ ಎಷ್ಟಿತ್ತು, ನೋವು ಎಷ್ಟಿತ್ತು, ನಾನು ಲೆಕ್ಕ ಹಾಕಲಿಲ್ಲ.

ಕೋಣೆಯಲ್ಲಿ ಸಾಹೇಬರು ದಿಂಬಿಗೆ ಒರಗಿದ್ದರು. ಬಾಗಿಲಲ್ಲಿ ಬಿಳಿ ಟೋಪಿ ಕಂಡೊಡನೆ ಎಡಗೈಯಿಂದ ಹೊದಿಕೆಯನ್ನು ಸರಿಮಾಡಿಕೊಳ್ಳತೊಡಗಿದರು. ಕಲ್ಲಪ್ಪ ಕುರ್ಚಿಯನ್ನು ಎಳೆದುಕೊಂಡು ಕುಳಿತ.

“ಏನ್ ಅಪ್ಪಾ, ಸುಳ್ಳ ಹೇಳೂದು ಯಾವಾಗ ಕಲತಿ? ಮಂತ್ರಿ ಆದ ದಿನಾನ ಏನು?”

ಸಾಹೇಬರು ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. “ಹೇಳಿದ್ಯಾ” ಎಂದರು ತೊದಲುತ್ತ. ಸಿಟ್ಟಿರಲಿಲ್ಲ. ಅವರ ಬಾಯಿಯ ಒಂದು ಕಡೆ ಮಾತ್ರ ನಕ್ಕಿತು.

ವೈನಿ ಹಣ್ಣು ಕೊಯ್ಯಲು ಚಾಕು ಹುಡುಕಿದರು. ನಾನು ಹೊರಗೆ ಹೋಗಬೇಕೆಂದು ಬಾಗಿಲ ತನಕ ಬಂದೆ. ಆಗ ಸಾಹೇಬರು ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಿಗೆ ತಂದುಕೊಂಡು, ಸಾವಿನ ಮನೆಗೆ ಹೋದವರು ಕೂರುವಂತೆ ಸ್ವಲ್ಪ ಮುಂದೆ ಬಾಗಿದರು. ನಮ್ಮ ಕಡೆ ದುಃಖದ ಮನೆಗೆ ಹೋದವರು ಕೇಳಬೇಕಾದ ಪ್ರಶ್ನೆ ಒಂದೇ. ಸಮಾಧಾನದ ಮಾತು ಬೇಡ, ಉಪದೇಶ ಬೇಡ. ಕೇಳಬೇಕು, ಆಮೇಲೆ ಮನೆಯವರು ಮೊದಲಿಂದ ಕೊನೆಯವರೆಗೆ ಹೇಳುವುದನ್ನು ಹೂಂಗುಟ್ಟುತ್ತ ಕೇಳಿಸಿಕೊಳ್ಳಬೇಕು.

“ಹೆಂಗಾತು, ಕಲ್ಲಪ್ಪಾ?” ಎಂದರು.

ಕಲ್ಲಪ್ಪ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಹೆಂಡತಿ ನಿನ್ನೆ ತೀರಿಕೊಂಡವಳಂತೆ ಹೇಳತೊಡಗಿದ.

“ಮುಂಜಾನೆ ಆರಾಮ ಇದ್ಲು. ನೀರ ಕಾಸಿದ್ಲು. ಎದಿ ಹಿಡದಂಗ ಆಗೇತಿ ಅಂದ್ಲು, ಕಂಬಕ್ಕ ಒರಗಿ ಕುಂತ್ಲು. ನಾ ಬೆನ್ನ ತಿಕ್ಕಾಕತ್ತಿದ್ನಿ. ಟೀವಿದಾಗ ನಿನ್ನ ಹೆಸರ ಬಂದಿತ್ತು ಹಿಂದಿನ ದಿನಾ. ಅಪ್ಪಾ ಮಂತ್ರಿ ಆದ್ರ ಮಾದ್ಲಿ ಮಾಡಬೇಕು, ಗೋದಿ ಇಲ್ಲ, ತೊಗೊಂಬಾ ಅಂದ್ಲು. ಅದ ಕಡೀ ಮಾತು.”

“ಹೂಂ” ಎಂದರು ಸಾಹೇಬರು. ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳುವ ಕೈ ಏಳಲಿಲ್ಲ. ಕಲ್ಲಪ್ಪ ತನ್ನ ಟೋಪಿಯಿಂದ ಒರೆಸಿ ಮುಂದುವರಿಸಿದ.

“ಎಲ್ಲಾರೂ ಬಂದ್ರು. ನೂಲದಿಂದ ಬಂದ್ರು. ಮಧ್ಯಾಹ್ನ ಆತು. ಇನ್ನ್ಯಾರು ಬರೂದೈತಿ, ಎತ್ತೂಣು ಅಂದ್ರು ಹಿರ್ಯಾರು. ನಾ ತಡೀರಿ ಅಂದ್ನಿ. ನಮ್ಮ ಅಪ್ಪಾ ಬರ್ತಾನ ಅಂದ್ನಿ.”

“ಬಂದ್ನಿ ನೋಡು” ಎಂದರು ಸಾಹೇಬರು.

“ಹೂಂ. ತಡಾ ಮಾಡಿ ಬಂದಿ” ಎಂದ ಕಲ್ಲಪ್ಪ, ಅವರ ಏಳದ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. “ಮುಂದ ಕೇಳು.”